ಎಂಟು ಗಂಟೆ ಮಲಗಿದರೂ ಹೋಗದ ಸುಸ್ತು: ಒಂದು ಶನಿವಾರದ ರಕ್ತದ ಕತೆ

ಶನಿವಾರ ಬೆಳಗ್ಗೆ 6:40. ಬಸವನಗುಡಿಯ ಲ್ಯಾಬೊಂದರಲ್ಲಿ ಟೋಕನ್ ಆಗಲೇ ಹದಿನಾಲ್ಕು ದಾಟಿದೆ. ವಾರವಿಡೀ ಸಿಲ್ಕ್ ಬೋರ್ಡ್ ಕಡೆಗೋ ವೈಟ್‌ಫೀಲ್ಡ್ ಕಡೆಗೋ ಓಡುವವರಿಗೆ ರಕ್ತ ಕೊಡಲು ಸಿಗುವುದು ಇದೊಂದೇ ಬೆಳಗ್ಗೆ. ಹದಿನೈದನೇ ಟೋಕನ್ ಮೂವತ್ತೊಂಬತ್ತು ವರ್ಷದ ಹೆಣ್ಣುಮಗಳದು. ವೈದ್ಯರ ಚೀಟಿಯಲ್ಲಿ ಇರುವುದು ಒಂದೇ ಸಾಲು: ಆರು ತಿಂಗಳಿಂದ ಸುಸ್ತು, ನಿದ್ದೆ ಚೆನ್ನಾಗಿದೆ.

ರಾತ್ರಿ ಹತ್ತೂವರೆಗೆ ಮಲಗಿದರೆ ಆರೂವರೆಗೆ ಎಚ್ಚರ. ಲೆಕ್ಕಕ್ಕೆ ಎಂಟು ಗಂಟೆ. ಆದರೂ ಹಾಸಿಗೆಯಿಂದ ಏಳುವಾಗ ಮೈಯೆಲ್ಲ ಮರಳಿನ ಮೂಟೆ, ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿದರೆ ಎದೆ ಡವಡವ, ಮಧ್ಯಾಹ್ನ ಮೂರಕ್ಕೆ ತಲೆಯೊಳಗೆ ಮಂಜು. ವರ್ಷದ ಹಿಂದೆ ಮಾಡಿಸಿದ ಪರೀಕ್ಷೆಯಲ್ಲಿ 'ಹಿಮೋಗ್ಲೋಬಿನ್ ನಾರ್ಮಲ್' ಎಂದು ಬಂದಿತ್ತು. ಆಮೇಲೆ ಮನೆಯಲ್ಲಿ ಎಲ್ಲರೂ ಹೇಳಿದ್ದು, ಇದೆಲ್ಲ ಟೆನ್ಶನ್, ಸ್ವಲ್ಪ ವಾಕಿಂಗ್ ಮಾಡು ಅಂತ.

"ಮೇಡಂ, ಏನಾದ್ರೂ ತಿಂದಿದೀರಾ?" ರಕ್ತ ತೆಗೆಯುವ ಹುಡುಗಿ ಕೇಳುತ್ತಾಳೆ.

"ಏನೂ ಇಲ್ಲಮ್ಮ, ಕಾಫಿ ಕೂಡ ಕುಡಿದಿಲ್ಲ. ಗ್ಯಾಸ್ ಮಾತ್ರೆ ಒಂದು ತಗೊಂಡೆ ಅಷ್ಟೆ."

"ದಿನಾ ತಗೊಳೋ ಮಾತ್ರೆ ಎಲ್ಲಾ ಇದ್ರೆ ತೋರಿಸ್ತೀರಾ?"

ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಹೊರಬರುತ್ತದೆ. ಒಳಗೆ ನಾಲ್ಕು ಬಗೆ: ಮೂರು ವರ್ಷದಿಂದ ನುಂಗುತ್ತಿರುವ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ 40, ಕ್ಯಾಲ್ಸಿಯಂ, ಎರಡು ತಿಂಗಳ ಹಿಂದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕಬ್ಬಿಣದ ಮಾತ್ರೆ, ರಾತ್ರಿ ಹಾಸಿಗೆಗೆ ಹೋಗುವಾಗ ಅಲರ್ಜಿಗೆ ಲಿವೊಸೆಟಿರಿಜಿನ್. ಸುಸ್ತಿನ ಕಾರಣ ಹುಡುಕಲು ಇಂಥ ಡಬ್ಬಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ವೈದ್ಯರ ಹತ್ತಿರ ಹೋಗುವಾಗ ಹಳೆಯ ರಿಪೋರ್ಟಿನ ಜೊತೆ ಇದನ್ನೂ ಒಯ್ಯಬೇಕು. ಹೆಸರು ನೆನಪಿಟ್ಟು ಹೇಳುತ್ತೇನೆ ಎಂದುಕೊಂಡರೆ ಒಂದೆರಡು ಬಿಟ್ಟೇಹೋಗುತ್ತವೆ, ಬಿಟ್ಟುಹೋದದ್ದೇ ಮುಖ್ಯವಾಗಿರುತ್ತದೆ.

ಮೊಣಕೈ ಮೇಲೆ ಪಟ್ಟಿ ಕಟ್ಟಿ ಒಂದು ನಿಮಿಷದೊಳಗೆ ಬಿಚ್ಚಬೇಕು. ಹೆಚ್ಚು ಹೊತ್ತು ಬಿಟ್ಟರೆ ನೀರಿನಂಶ ರಕ್ತನಾಳದ ಹೊರಗೆ ಜಾರಿ, ರಕ್ತ ಇರುವುದಕ್ಕಿಂತ ಗಟ್ಟಿಯಾಗಿ ತೋರುತ್ತದೆ. ಮೊದಲು ಹಳದಿ ಮುಚ್ಚಳದ ಟ್ಯೂಬ್, ಕಬ್ಬಿಣದ ಸಂಗ್ರಹ ಹೇಳುವ ಫೆರಿಟಿನ್, ಬಿ12, ಥೈರಾಯ್ಡ್ ನೋಡುವ ಟಿಎಸ್ಎಚ್‌ಗೆ. ಆಮೇಲೆ ನೇರಳೆ, ರಕ್ತಕಣಗಳ ಎಣಿಕೆಗೆ. ಕೊನೆಗೆ ಬೂದು, ಸಕ್ಕರೆಗೆ. ಈ ಸಾಲು ತಪ್ಪಬಾರದು. ನೇರಳೆ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಹಳದಿಯೊಳಗೆ ಚೂರು ಬಿದ್ದರೂ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ನೇರಳೆ ಟ್ಯೂಬನ್ನು ಕುಲುಕದೆ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಇಲ್ಲದಿದ್ದರೆ ಒಳಗೆ ಹೆಪ್ಪು.

ಖಾಲಿ ಹೊಟ್ಟೆ ಬೇಕಿರುವುದು ಮುಖ್ಯವಾಗಿ ಸಕ್ಕರೆಗೆ, ಎಂಟು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಕೆಲಸ ಕೆಡಿಸುವುದು ಪರೀಕ್ಷೆಗೆ ಮುಂಚೆ ತೆಗೆದುಕೊಂಡ ಮದ್ದು. ಸುಸ್ತೆಂದು ಮನೆ ಹತ್ತಿರ ಒಂದು ಬಿ12 ಇಂಜೆಕ್ಷನ್ ಹಾಕಿಸಿಕೊಂಡು ಮರುವಾರ ರಕ್ತ ಕೊಟ್ಟರೆ ಬಿ12 ಸಾವಿರ ದಾಟಿರಬಹುದು, ನಿಜವಾದ ಕೊರತೆ ಅದರಡಿ ಮುಚ್ಚಿಹೋಗುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಎಂಬ ವಿಟಮಿನ್ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಅಂಕಿಗಳನ್ನೇ ತಪ್ಪಿಸುತ್ತದೆ, ಎರಡು ದಿನ ಮೊದಲೇ ನಿಲ್ಲಿಸಬೇಕು.

ಹತ್ತು ಗಂಟೆಗೆ ಯಂತ್ರದಿಂದ ಮೊದಲ ಅಂಕಿಗಳು ಬರುತ್ತವೆ. ಹಿಮೋಗ್ಲೋಬಿನ್ 12.2. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗೆರೆ 12, ಗಂಡಸರಿಗೆ 13. ಗೆರೆ ದಾಟಿದೆ, ಆದ್ದರಿಂದ 'ನಾರ್ಮಲ್'. ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, 86. ಅದೂ ಸರಿ. ಇಲ್ಲಿಗೇ ಬಿಟ್ಟಿದ್ದರೆ ಈಕೆ ಮತ್ತೆ 'ಟೆನ್ಶನ್' ಎಂಬ ಮಾತು ಹೊತ್ತು ಮನೆಗೆ ಹೋಗುತ್ತಿದ್ದಳು. ಆದರೆ ಕೆಳಗಿನ ಸಾಲಿನಲ್ಲಿ ಆರ್‌ಡಿಡಬ್ಲ್ಯು 18.1 ಇದೆ. ಕಣಗಳ ಗಾತ್ರ ಒಂದಕ್ಕೊಂದು ಎಷ್ಟು ಬೇರೆಯಾಗಿದೆ ಎಂದು ಹೇಳುವ ಅಂಕಿ ಅದು, ಸಾಮಾನ್ಯವಾಗಿ 14.5ರ ಸುಮಾರಿನೊಳಗೆ ಇರಬೇಕು. ಸರಾಸರಿ ಸರಿಯಿದ್ದು ವ್ಯತ್ಯಾಸ ಇಷ್ಟು ದೊಡ್ಡದಾಗಿದ್ದರೆ ಸ್ಲೈಡ್ ನೋಡದೆ ರಿಪೋರ್ಟ್ ಕೊಡಬಾರದು.

ಒಂದು ಹನಿ ರಕ್ತವನ್ನು ಗಾಜಿನ ಮೇಲೆ ನಾಲಿಗೆಯಾಕಾರದಲ್ಲಿ ತೆಳುವಾಗಿ ಎಳೆದು ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ ಎರಡು ನಿಮಿಷ ಬಿಟ್ಟು, ಅದರ ಎರಡರಷ್ಟು ಬಫರ್ ನೀರು ಸೇರಿಸಿ ಮತ್ತೆ ಏಳೆಂಟು ನಿಮಿಷ ಬಿಟ್ಟು ತೊಳೆಯುತ್ತಾರೆ. ಹಳೆಯ ಕೆಲಸ, ಅಗ್ಗದ ಕೆಲಸ, ಇವತ್ತಿಗೂ ಯಂತ್ರ ಹೇಳದ್ದನ್ನು ಹೇಳುವ ಕೆಲಸ. ಎಣ್ಣೆಯ ಹನಿ ಬಿಟ್ಟು ನೂರರ ಮಸೂರ ಇಳಿಸಿದರೆ ಆರೋಗ್ಯವಂತ ಕೆಂಪುಕಣ ಉದ್ದಿನವಡೆಯ ಹಾಗೆ ಕಾಣುತ್ತದೆ: ನಡುವೆ ತಿಳಿ, ಆ ತಿಳಿ ಭಾಗ ಕಣದ ಅಗಲದ ಮೂರನೇ ಒಂದರಷ್ಟು. ಈಕೆಯ ಸ್ಲೈಡಿನಲ್ಲಿ ಹಲವು ಕಣಗಳು ಪುಟ್ಟವು, ಅಂಚಿನಲ್ಲಿ ಬಣ್ಣದ ತೆಳು ಉಂಗುರ ಬಿಟ್ಟರೆ ಉಳಿದದ್ದೆಲ್ಲ ಬಿಳಿ. ಅದು ಕಬ್ಬಿಣ ಸಾಲದ ಗುರುತು. ಅವುಗಳ ಪಕ್ಕದಲ್ಲೇ ಮೊಟ್ಟೆಯಾಕಾರದ ದೊಡ್ಡ ಕಣಗಳು. ಸ್ವಲ್ಪ ಆಚೆ ಒಂದು ಬಿಳಿಕಣ, ಅದರ ಕೋಶಕೇಂದ್ರದಲ್ಲಿ ಆರು ಹಾಲೆ. ಮೂರು ನಾಲ್ಕಿರುವುದು ವಾಡಿಕೆ. ಅದು ಬಿ12 ಇಲ್ಲವೇ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ನಿನ ಕೊರತೆಯ ಗುರುತು. ಸಣ್ಣದೂ ದೊಡ್ಡದೂ ಸೇರಿಸಿ ಸರಾಸರಿ ತೆಗೆದರೆ ಯಂತ್ರಕ್ಕೆ 86 ಸಿಗದೆ ಇನ್ನೇನು ಸಿಕ್ಕೀತು? ಎರಡು ಕೊರತೆ ಒಂದನ್ನೊಂದು ಮರೆಮಾಡಿಕೊಂಡು ಕೂತಿದ್ದವು.

ಸಂಜೆಗೆ ಉಳಿದವು ಬಂದವು. ಫೆರಿಟಿನ್ 7, ಬಿ12 164, ಎರಡೂ ಕಡಿಮೆ. ಟಿಎಸ್ಎಚ್ 2.9, ಸಕ್ಕರೆ 94, ಇವೆರಡೂ ಸರಿ. ಫೆರಿಟಿನ್ ಎಂದರೆ ಮೈಯೊಳಗಿನ ಕಬ್ಬಿಣದ ಕಣಜ. 15ರ ಕೆಳಗಿದ್ದರೆ ಕಣಜ ಬರಿದು. 30ರ ಕೆಳಗಿದ್ದು ಸುಸ್ತೂ ಇದ್ದರೆ ಬಹಳ ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ. ಮೈ ಮೊದಲು ಕಣಜ ಬರಿದು ಮಾಡಿಕೊಳ್ಳುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಕಟ್ಟಕಡೆಗೆ. ಕಬ್ಬಿಣ ಸ್ನಾಯುವಿಗೂ ಬೇಕು, ಜೀವಕೋಶ ಶಕ್ತಿ ಹುಟ್ಟಿಸುವ ಕಿಣ್ವಗಳಿಗೂ ಬೇಕು. ಅದಕ್ಕೇ ರಕ್ತ 'ನಾರ್ಮಲ್' ಇರುವಾಗಲೇ ಮನುಷ್ಯ ಸೋತಿರುತ್ತಾನೆ. ಒಂದು ಎಚ್ಚರ: ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಡೆಂಗ್ಯೂ ಆದ ವಾರದಲ್ಲಿ ಮಾಡಿಸಿದ ಫೆರಿಟಿನ್ 60 ಬಂದರೆ ನಂಬಿ ಕೂರಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ 15ರಿಂದ 49 ವರ್ಷದ ಭಾರತೀಯ ಹೆಣ್ಣುಮಕ್ಕಳಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ ಇತ್ತು. ಅದು ಹಿಮೋಗ್ಲೋಬಿನ್ ಗೆರೆಯ ಕೆಳಗಿದ್ದವರ ಲೆಕ್ಕ ಮಾತ್ರ. ಇಂಥ 12.2ರವರು ಆ ಲೆಕ್ಕದಲ್ಲೇ ಇಲ್ಲ ಎಂಬುದು ಸಂಕಟದ ವಿಷಯ.

ಹಾಗಾದರೆ ಎರಡು ತಿಂಗಳು ನುಂಗಿದ ಕಬ್ಬಿಣ ಎಲ್ಲಿ ಹೋಯಿತು? ಮತ್ತೆ ಡಬ್ಬಿಗೆ ಬರಬೇಕು. ಬೆಳಗ್ಗೆ ಗ್ಯಾಸ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಇಡ್ಲಿ, ಇಡ್ಲಿಯ ಹಿಂದೆಯೇ ಕಬ್ಬಿಣವೂ ಕ್ಯಾಲ್ಸಿಯಮ್ಮೂ ಒಟ್ಟಿಗೆ, ಅದರ ಮೇಲೆ ಒಂದು ಲೋಟ ಫಿಲ್ಟರ್ ಕಾಫಿ. ಕಬ್ಬಿಣ ಕರಗಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ ಮಾತ್ರೆ ಅದನ್ನು ತಗ್ಗಿಸಿದೆ. ಕರಗಿದಷ್ಟನ್ನು ಕರುಳು ಹೀರದಂತೆ ಕ್ಯಾಲ್ಸಿಯಂ ಅಡ್ಡ ಬರುತ್ತದೆ, ಕಾಫಿಯ ಪಾಲಿಫಿನಾಲ್‌ಗಳು ಕಟ್ಟಿಹಾಕುತ್ತವೆ. ಅನ್ನ ಬೇಳೆಯಲ್ಲಿರುವ ಬಿ12 ಸೊನ್ನೆ, ಹಾಲು ಮೊಸರಿನಿಂದ ಬರುವುದನ್ನು ಆಹಾರದಿಂದ ಬಿಡಿಸಲೂ ಅದೇ ಆಮ್ಲ ಬೇಕು. ಎರಡು ವರ್ಷಕ್ಕೂ ಮೀರಿ ಗ್ಯಾಸ್ ಮಾತ್ರೆ ತಿನ್ನುವ ಸಸ್ಯಾಹಾರಿಗಳೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರೂ ವರ್ಷಕ್ಕೊಮ್ಮೆ ಬಿ12 ನೋಡಿಸಿಕೊಳ್ಳುವುದು ಒಳ್ಳೆಯದು. ಇದನ್ನು ಓದಿ ಗ್ಯಾಸ್ ಮಾತ್ರೆಯನ್ನು ನಾಳೆಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಎದೆಯುರಿ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು.

ಕಬ್ಬಿಣಕ್ಕೆ ದಿನದಲ್ಲಿ ಒಂದು ಜಾಗ ಹುಡುಕಬೇಕು. ಬೆಂಗಳೂರಿನವರಿಗೆ ಬೆಳಗಿನ ಕಾಫಿ ಬಿಡಿ ಎಂದರೆ ನಡೆಯುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಎಂಟೂವರೆಗೆ ತಿಂಡಿ ಕಾಫಿ ಮುಗಿದಿದ್ದರೆ ಹನ್ನೊಂದಕ್ಕೆ ಆಫೀಸಿನಲ್ಲಿ ಮಾತ್ರೆ, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ಆ ಹೊತ್ತಿನ ಟೀ ಒಂದನ್ನು ಬಿಡಬೇಕು, ಊಟ ಒಂದು ಗಂಟೆಗೆ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಗಲಿ. ದಿನ ಬಿಟ್ಟು ದಿನ ತೆಗೆದುಕೊಂಡರೂ ನಷ್ಟವಿಲ್ಲ: ಒಂದು ಮಾತ್ರೆ ಹೋದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಟ್ಟು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ, ಮರುದಿನದ ಮಾತ್ರೆ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಮಲಬದ್ಧತೆಯೂ ಕಡಿಮೆಯಾಗುತ್ತದೆ. ಮಲ ಕಪ್ಪಾಗುವುದು ಕಬ್ಬಿಣದಿಂದ, ಹೆದರಬೇಕಿಲ್ಲ. ಕಬ್ಬಿಣ ತಿನ್ನದೆ ಮಲ ಕಪ್ಪಾದರೆ ಮಾತ್ರ ಅವತ್ತೇ ಆಸ್ಪತ್ರೆಗೆ.

ಊಟದಲ್ಲೂ ಕೈಗೆ ಸಿಗುವ ದಾರಿಗಳಿವೆ. ರಾಗಿಯಲ್ಲಿ ಕಬ್ಬಿಣ ಇದೆ, ಅದನ್ನು ಹಿಡಿದಿಡುವ ಫೈಟೇಟ್ ಕೂಡ ಇದೆ. ಮೊಳಕೆ ಬರಿಸಿ ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ತಗ್ಗುತ್ತದೆ. ಮುದ್ದೆಯ ಜೊತೆ ದಂಟಿನ ಸೊಪ್ಪಿನ ಬಸ್ಸಾರು, ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣ ಹೆಚ್ಚು ಒಳಗೆ ಸೇರುತ್ತದೆ. ಆದರೆ ಫೆರಿಟಿನ್ 7ಕ್ಕೆ ಬಂದಿರುವಾಗ ಸೊಪ್ಪು, ಬೀಟ್‌ರೂಟ್, ಖರ್ಜೂರ ನೆಚ್ಚಿಕೊಂಡು ಕೂರುವುದು ತಿಂಗಳುಗಳನ್ನು ಕಳೆದುಕೊಂಡ ಹಾಗೆ.

ಕಬ್ಬಿಣ ಎಲ್ಲಿ ಸೋರುತ್ತಿದೆ ಎಂಬ ಪ್ರಶ್ನೆಯನ್ನು ಬಿಡಲೇಬಾರದು. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು. ಊಟದಿಂದ ಮೈ ಹೀರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಮುಟ್ಟು ಏಳು ದಿನ ಮೀರುವುದು, ಒಂದೆರಡು ಗಂಟೆಗೇ ಪ್ಯಾಡ್ ಬದಲಿಸುವುದು, ದೊಡ್ಡ ರಕ್ತದ ಗಡ್ಡೆಗಳು ಬೀಳುವುದು, ಇವು 'ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ' ಎಂದು ಬಿಡುವ ಸಂಗತಿಗಳಲ್ಲ, ಸ್ತ್ರೀರೋಗ ತಜ್ಞರಿಗೆ ಹೇಳಬೇಕಾದವು. ಗಂಡಸಿನಲ್ಲಿ, ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣ ಕಡಿಮೆ ಬಂದರೆ ಹೊಟ್ಟೆ ಕರುಳಿನೊಳಗೆ ರಕ್ತ ಜಿನುಗುತ್ತಿದೆಯೇ ಎಂದು ನೋಡಿಸಲೇಬೇಕು.

ಬಿ12ಕ್ಕೆ ಇಂಜೆಕ್ಷನ್ನೋ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯೋ ವೈದ್ಯರು ನಿರ್ಧರಿಸುತ್ತಾರೆ. ಬಿ12 ಬಿಟ್ಟು ಫೋಲಿಕ್ ಆಸಿಡ್ (ಫೋಲೇಟ್ ಮಾತ್ರೆ) ಒಂದನ್ನೇ ತಿನ್ನಬಾರದು, ರಕ್ತ ಸರಿಯಾದಂತೆ ಕಂಡು ನರಗಳ ಹಾನಿ ಒಳಗೇ ಮುಂದುವರಿಯುತ್ತದೆ.

ಡಬ್ಬಿಯ ನಾಲ್ಕನೆಯದು ಉಳಿಯಿತು. ಈ ಊರಿನ ಧೂಳು, ಪರಾಗ, ಖಾಲಿ ಸೈಟುಗಳ ಕಾಂಗ್ರೆಸ್ ಹುಲ್ಲು ಎಷ್ಟೋ ಜನರಿಗೆ ವರ್ಷವಿಡೀ ಸೀನು, ಕಟ್ಟಿದ ಮೂಗು ಕೊಟ್ಟಿವೆ. ಲಿವೊಸೆಟಿರಿಜಿನ್‌ನ ಅರ್ಧಭಾಗ ರಕ್ತದಿಂದ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಹತ್ತೂವರೆಗೆ ನುಂಗಿದರೆ ಬೆಳಗ್ಗೆ ಆರೂವರೆಗೆ ಸುಮಾರು ಅರ್ಧ ಮಾತ್ರೆ ಇನ್ನೂ ರಕ್ತದಲ್ಲಿದೆ. ಮೂಗು ಕಟ್ಟಿದ್ದರೆ ನಿದ್ದೆಯೂ ಚೂರುಚೂರು. ಅಷ್ಟು ಮಂಪರು ತರಿಸದ ಫೆಕ್ಸೊಫೆನಡಿನ್, ದಿನವೂ ತಪ್ಪದೆ ಹಾಕುವ ಮೂಗಿನ ಸ್ಪ್ರೇ, ಇವುಗಳ ಬಗ್ಗೆ ಕೇಳಬಹುದು.

ಎಲ್ಲ ಅಂಕಿಯೂ ನಿಜಕ್ಕೂ ಸರಿಯಿದ್ದವರು ನಿದ್ದೆಯನ್ನೇ ಪರೀಕ್ಷಿಸಿಕೊಳ್ಳಬೇಕು. ಗೊರಕೆ ನಡುವೆ ನಿಂತು ಉಸಿರು ಎಳೆದುಕೊಂಡಂತೆ ಸದ್ದಾಗುತ್ತದೆಯೇ ಎಂದು ಮನೆಯವರು ಒಂದು ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಲಿ. ಉಸಿರು ಹತ್ತು ಸೆಕೆಂಡು ನಿಲ್ಲುವುದೋ ತಗ್ಗುವುದೋ ಗಂಟೆಗೆ ಐದು ಸಲ ಮೀರಿದರೆ ಅದು ಸ್ಲೀಪ್ ಆಪ್ನಿಯಾ, ಮೂವತ್ತು ಮೀರಿದರೆ ತೀವ್ರ. ಹೆಂಗಸರಲ್ಲಿ ಗೊರಕೆ ಅಷ್ಟು ಜೋರಿಲ್ಲದೆ ಬರೀ ಸುಸ್ತಾಗಿಯೇ ಕಾಣಿಸಿಕೊಳ್ಳುವುದರಿಂದ ತಪ್ಪಿಹೋಗುವುದು ಹೆಚ್ಚು. ನಸುಕಿನ ಮೂರು ನಾಲ್ಕಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದೆ, ಇಷ್ಟದ ಕೆಲಸದಲ್ಲೂ ರುಚಿ ಹೋಗಿದ್ದರೆ ಅದು ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ, ಎರಡು ವಾರ ಮೀರಿದ ಕೆಮ್ಮು ಇದ್ದರೆ ಇಷ್ಟೆಲ್ಲ ಕಾಯದೆ ವೈದ್ಯರ ಹತ್ತಿರ ಹೋಗಬೇಕು.

ನಾಲ್ಕು ವಾರ ಕಳೆದು ಅದೇ ನೇರಳೆ ಟ್ಯೂಬ್, ಅದೇ ಬಣ್ಣ. ಹಿಮೋಗ್ಲೋಬಿನ್ 13ಕ್ಕೆ ಬಂದಿದೆ, ಆಕೆ ಮೆಟ್ರೋ ಮೆಟ್ಟಿಲು ನಿಲ್ಲದೆ ಹತ್ತುತ್ತಿದ್ದಾಳೆ. ಜನ ಮಾತ್ರೆ ಬಿಡುವುದು ಸರಿಯಾಗಿ ಈ ಹೊತ್ತಿನಲ್ಲೇ. ಸ್ಲೈಡಿನಲ್ಲಿ ಮಾತ್ರ ಎರಡು ಕಾಲದ ಕಣಗಳು ಪಕ್ಕಪಕ್ಕದಲ್ಲಿವೆ: ತುಂಬಿಕೊಂಡ ಹೊಸವು, ಅವುಗಳ ನಡುವೆ ಇನ್ನೂ ಬಿಳಿಚಿದ ಹಳೆಯವು. ಕೆಂಪುಕಣದ ಆಯಸ್ಸು 120 ದಿನ. ಹಳೆಯ ಕಣಗಳೆಲ್ಲ ಜಾಗ ಬಿಡುವ ಹೊತ್ತಿಗೆ ನಾಲ್ಕು ತಿಂಗಳಾಗಿರುತ್ತದೆ, ಕಣಜ ತುಂಬುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಚೀಟಿಯಲ್ಲಿ ವೈದ್ಯರು ಮತ್ತೆ ಬರೆಯುತ್ತಾರೆ: ಮಾತ್ರೆ ಇನ್ನೂ ಮೂರು ತಿಂಗಳು, ಆಮೇಲೆ ಫೆರಿಟಿನ್.