ಅತ್ತೆಗೆ ಕನಕನ ಕಿಂಡಿ ತೋರಿಸಿದ್ದು

ನಮ್ಮತ್ತೆ ಹಾವೇರಿಯವರು. ಮೊಣಕಾಲು ನೋವು ಜಾಸ್ತಿ, ಆದರೂ ಉಡುಪಿಗೆ ಬಂದ ಮರುದಿನವೇ ‘ನನಗ ಕನಕನ ಕಿಂಡಿ ತೋರಿಸು’ ಅಂದರು. ಕನಕದಾಸರು ಹುಟ್ಟಿದ ಬಾಡ, ಅವರ ಅಂಕಿತದ ಕಾಗಿನೆಲೆ, ಎರಡೂ ಅವರ ಜಿಲ್ಲೆಯವೇ ಅಲ್ವಾ.

ನಾನು ಮಾಡಿದ ತಪ್ಪೆಂದರೆ ಭಾನುವಾರ ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗಿದ್ದು. ಸಾಲಿನಲ್ಲಿ ನಿಂತು ನಿಂತು ಒಳಗೆ ಕೃಷ್ಣನ ದರ್ಶನ ಮಾಡುವ ನವಗ್ರಹ ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ತಳ್ಳಾಟ, ಅತ್ತೆಗೆ ಕಂಡಿದ್ದು ಒಂದು ದೀಪ ಮಾತ್ರ. ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಮರುದಿನ ಬೆಳಗ್ಗೆ ಆರಕ್ಕೇ ರಥಬೀದಿಯಲ್ಲಿದ್ದೆವು. ಈ ಸಲ ಇಲ್ಲಿನವರ ಕ್ರಮದಲ್ಲೇ ಹೋದೆವು: ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಚಂದ್ರಮೌಳೀಶ್ವರ ಗುಡಿ ಬೀದಿಗಿಂತ ತಗ್ಗಿನಲ್ಲಿದೆ, ವಯಸ್ಸಾದವರಿದ್ದರೆ ಕೈ ಹಿಡಿದು ಇಳಿಸಿ. ಗಂಡಸರು ಮಠದ ಒಳಗೆ ಅಂಗಿ ತೆಗೆಯಬೇಕು, ಸುಲಭವಾಗಿ ಬಿಚ್ಚುವಂಥದ್ದೇ ಹಾಕಿಕೊಳ್ಳಿ.

ಕೃಷ್ಣನನ್ನು ಇಲ್ಲಿ ಪ್ರತಿಷ್ಠೆ ಮಾಡಿದವರು 13ನೇ ಶತಮಾನದ ಮಧ್ವಾಚಾರ್ಯರು. ಪೂಜೆ ಎಂಟು ಮಠಗಳ ನಡುವೆ ಸರದಿ, ಎರಡೆರಡು ವರ್ಷ. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಅದರ ಹಿಂದಿನ ರಾತ್ರಿ ಊರಿಗೆ ಊರೇ ಬೀದಿಯಲ್ಲಿರುತ್ತದೆ, ನಿಧಾನವಾಗಿ ದರ್ಶನ ಬೇಕೆನ್ನುವವರು ಆ ವಾರ ಬಿಟ್ಟು ಬನ್ನಿ. ಆದರೆ ಪರ್ಯಾಯಕ್ಕೆ ಮುಂಚಿನ ತಿಂಗಳುಗಳಲ್ಲಿ ಬಂದರೆ ಮಧ್ವ ಸರೋವರದ ಹತ್ತಿರ ಕಟ್ಟಿಗೆ ರಥ ನೋಡದೆ ಹೋಗಬೇಡಿ. ಅಡುಗೆಯ ಸೌದೆಯನ್ನೇ ರಥದ ಆಕಾರಕ್ಕೆ ಒಟ್ಟಿರುತ್ತಾರೆ, ಅಷ್ಟು ನೀಟಾಗಿ. ನನಗಂತೂ ಮರದ ತೇರಿಗಿಂತ ಅದೇ ಇಷ್ಟ.

ನವಗ್ರಹ ಕಿಂಡಿಗೆ ಒಂಬತ್ತು ತೂತು, ಬೆಳ್ಳಿಯ ಹೊದಿಕೆ. ಅವತ್ತು ಹಿಂದೆ ಯಾರೂ ಇರಲಿಲ್ಲ. ಅತ್ತೆ ಬಗ್ಗಿ ಒಂದು ತೂತಿಗೆ ಕಣ್ಣಿಟ್ಟರು, ಇನ್ನೊಂದಕ್ಕೆ ಇಟ್ಟರು. ‘ಕಡಗೋಲು ಕಾಣಸ್ತು’ ಅಂದರು, ಮೆಲ್ಲಗೆ.

ಹೊರಗೆ ಬಂದು ಕನಕ ಗೋಪುರದ ಕೆಳಗಿನ ಕಿಂಡಿಯ ಮುಂದೆ ನಿಂತೆವು. ಒಳಗೆ ಬಿಡದೆ ಹೋದಾಗ ಕನಕದಾಸರು ಇಲ್ಲೇ ನಿಂತು ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅನ್ನುವ ಕತೆ ಅತ್ತೆಗೆ ಚಿಕ್ಕಂದಿನಿಂದ ಬಾಯಿಪಾಠ. ನಾನು ಹೇಳುವುದೇನೂ ಉಳಿದಿರಲಿಲ್ಲ. ಗೋಡೆ ಹಿಡಿದು, ನೋಯುವ ಕಾಲಿನ ಭಾರ ಇನ್ನೊಂದಕ್ಕೆ ಹಾಕಿ, ತುಂಬಾ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ನಮ್ಮೂರಿಂದ ಇಲ್ಲಿತನಕ ನಡಕೊಂಡು ಬರಾಕ ಎಷ್ಟ್ ದಿನಾ ಹಿಡದಿರಬೇಕ್ ಅವರಿಗೆ?’