ಫ್ರೀಜರ್ ಈಗ ಬಿಯರ್ ಪೆಟ್ಟಿಗೆ

ಇಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಚೆಸ್ಟ್ ಫ್ರೀಜರನ್ನು (ಮೇಲ್ಮುಚ್ಚಳದ ಪೆಟ್ಟಿಗೆಯಂಥ ಫ್ರೀಜರ್) ನಲ್ಲಿಯುಳ್ಳ ಕೆಗ್ (ಬಿಯರ್ ತುಂಬುವ ಲೋಹದ ಪೀಪಾಯಿ) ಪೆಟ್ಟಿಗೆಯಾಗಿ ಮಾರ್ಪಡಿಸಿಕೊಳ್ಳುವುದುಂಟು. ನಮ್ಮ ಗ್ಯಾರೇಜಿನಲ್ಲೂ ಆ ಕೆಲಸ ಮುಗಿಯಿತು. ಫ್ರೀಜರಿನ ಗೋಡೆಯೊಳಗೆ ಶೀತಕದ ಕೊಳವೆಗಳು ಹುದುಗಿರುವುದರಿಂದ ಅಲ್ಲಿ ತೂತು ಕೊರೆಯುವಂತಿಲ್ಲ. ಹಾಗಾಗಿ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮರದ ಚೌಕಟ್ಟೊಂದನ್ನು ಕೂರಿಸಿ, ನಲ್ಲಿಗಳನ್ನು ಆ ಮರಕ್ಕೇ ಜೋಡಿಸಬೇಕು. ಮೈನಸ್ 18 ಡಿಗ್ರಿಗೆ ಇಳಿಯಲೆಂದೇ ಮಾಡಿದ ಯಂತ್ರವನ್ನು 3ರಿಂದ 4 ಡಿಗ್ರಿಯಲ್ಲಿ ತಡೆದು ನಿಲ್ಲಿಸುವುದು ಹೊರಗಿನಿಂದ ಜೋಡಿಸಿದ ಉಷ್ಣತಾ ನಿಯಂತ್ರಕ. ಅದರ ಸೆನ್ಸರನ್ನು ಗಾಳಿಯಲ್ಲಿ ನೇತುಬಿಡದೆ, 19 ಲೀಟರಿನ ಕೆಗ್‌ನ ಮೈಗೆ ಟೇಪಿನಿಂದ ಅಂಟಿಸಿ, ಮೇಲೊಂದು ಸ್ಪಂಜಿನ ತುಂಡು ಹೊದಿಸಿದರೆ ಕಂಪ್ರೆಸರ್ ಪದೇ ಪದೇ ಶುರುವಾಗಿ ನಿಲ್ಲುವುದು ತಪ್ಪುತ್ತದೆ. ತಣ್ಣನೆಯ ಗಾಳಿ ತಳದಲ್ಲೇ ಕೂರುವುದರಿಂದ ಮೇಲಿನ ಕೊಳವೆಯ ಬಿಯರ್ ಬೆಚ್ಚಗಾಗಿ ಮೊದಲ ಲೋಟದಲ್ಲಿ ಬರೀ ನೊರೆ ತುಂಬುತ್ತದೆ. ಒಳಗಿಟ್ಟ ಪುಟ್ಟ ಫ್ಯಾನ್ ಅದಕ್ಕೆ ಮದ್ದು, ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸಿದ ಭಾಗವೂ ಅದೇ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾಯಿದೆಗೆ ಮುಂಚೆ ಈ ದೇಶದಲ್ಲಿ ಮನೆಯ ಬಿಯರನ್ನು ಕದ್ದುಮುಚ್ಚಿಯೇ ಕಾಯಿಸಬೇಕಿತ್ತೆಂಬುದು ಮರಕ್ಕೆ ಸ್ಕ್ರೂ ತಿರುಗಿಸುವಾಗ ಸುಮ್ಮನೆ ನೆನಪಾಯಿತು. ಸದ್ಯ ಬಿಯರಿಗೆ ಗುಳ್ಳೆ ತುಂಬುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ರೆಗ್ಯುಲೇಟರ್ 12 ಪಿಎಸ್‌ಐ (ಒತ್ತಡದ ಅಳತೆ) ಒತ್ತಡಕ್ಕೆ ನಿಂತಿದೆ. ಅನಿಲ ಬಿಯರಿನಲ್ಲಿ ಪೂರ್ತಿಯಾಗಿ ಬೆರೆಯಲು ಇನ್ನು ಒಂದೆರಡು ವಾರ ಬೇಕು.