‘ಚಲೋ ಐತಿ’ ಅಂದ್ರೆ ಯಾರೂ ಪೂರ್ತಿ ಓದಲ್ಲ

ಬಾಗಲಕೋಟೆಯ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ನಾನು ಸಹಾಯಕ. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಕಪಾಟಿಗೆ ಸೇರಿಸುವುದು, ಬೆನ್ನು ಕಿತ್ತುಬಂದ ಪುಸ್ತಕಕ್ಕೆ ಬಟ್ಟೆ ಅಂಟಿಸುವುದು ನನ್ನ ಕೆಲಸ. ಬರುವವರಲ್ಲಿ ಪಿಎಸ್‌ಐ, ಕೆಎಎಸ್ ಅಂತ ಓದುವ ಹುಡುಗರೇ ಜಾಸ್ತಿ. ತಮಗೆ ಏನು ಬೇಕು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಕಾದಂಬರಿಯವರು ಹಾಗಲ್ಲ. ಕಪಾಟಿನ ಮುಂದೆ ನಿಂತು ಒಂದು ತೆಗೆಯುತ್ತಾರೆ, ಇಡುತ್ತಾರೆ, ಇನ್ನೊಂದು ತೆಗೆಯುತ್ತಾರೆ. ಕೊನೆಗೆ ನನ್ನ ಕಡೆ ತಿರುಗಿ, "ಚಲೋದ್ದೊಂದು ನೀವ ಕೊಡ್ರಿ" ಅನ್ನುತ್ತಾರೆ.

ಆಗ ಏನು ಹೇಳಬೇಕು ಅನ್ನುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ನಾನು ಅರ್ಧ ಕಲಿತದ್ದು ಪುಸ್ತಕಗಳ ಅಂಚು ನೋಡಿ. ಇನ್ನರ್ಧ ಕಲಿಸಿದ್ದು ಸಂಜೆ ಹೊತ್ತು ಹೊರಗಿನ ಬೆಂಚಿನಲ್ಲಿ ಸೇರುವ ಒಂದು ಗೆಳೆಯರ ಗುಂಪು.

ಅಂಚಿನ ಮಾತು ಮೊದಲು. ತುಂಬ ಕೈ ಬದಲಾದ ಒಂದು ಕಾದಂಬರಿಯನ್ನು ಮುಚ್ಚಿ, ಬೆನ್ನಿನ ಎದುರು ಬದಿಯನ್ನು ನೋಡಿ. ಬೆರಳು ತಾಗಿದ ಪುಟಗಳ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೆಲವು ಪುಸ್ತಕಗಳಲ್ಲಿ ಆ ಕಂದು ಬಣ್ಣ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಇನ್ನು ಕೆಲವದರಲ್ಲಿ ಒಂದು ಬೆರಳು ದಪ್ಪದಷ್ಟು ಮಾತ್ರ ಕೊಳೆ, ಅಲ್ಲಿಂದ ಮುಂದೆ ಬೆಳ್ಳಗೆ. ಅಂದರೆ ಎಷ್ಟೋ ಜನ ಒಯ್ದಿದ್ದಾರೆ, ಅಲ್ಲಿವರೆಗೆ ಓದಿದ್ದಾರೆ, ಬಿಟ್ಟಿದ್ದಾರೆ. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಕಿನ ಚೀಟಿ ಈ ಗುಟ್ಟು ಹೇಳುವುದಿಲ್ಲ. ಅದರ ತುಂಬ ಮುದ್ರೆಗಳು. ಚೀಟಿ ನೋಡಿದರೆ ಭಾರಿ ಬೇಡಿಕೆಯ ಪುಸ್ತಕ!

ಅರ್ಧಕ್ಕೆ ಬೆಳ್ಳಗಾಗುವ ಪುಸ್ತಕಗಳು ಕೆಟ್ಟವು ಅಂತ ತಿಳಿಯಬೇಡಿ. ಬಹಳಷ್ಟು ಸಲ ಅವು ಎಲ್ಲರೂ ಹೊಗಳುವ ಪುಸ್ತಕಗಳೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಗೊಳ್ಳಿ. 1967ರಲ್ಲಿ ಬಂದದ್ದು, ಕನ್ನಡದ ದೊಡ್ಡ ಕಾದಂಬರಿ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಮ್ಮದು ಎರೆ ಭೂಮಿ. ಕಣ್ಣು ಹಾಯುವಷ್ಟು ದೂರ ಬಯಲು, ಜೋಳ, ಕಡಲೆ, ನೀರು ಬಂದಲ್ಲಿ ಕಬ್ಬು. ಪುಸ್ತಕ ಬಿಡಿಸಿದರೆ ಕಾಡು, ಮಳೆ, ಏರು ದಾರಿ, ದೂರ ದೂರದ ಮನೆಗಳು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಹೆಸರುಗಳು ಬರುತ್ತಲೇ ಇರುತ್ತವೆ. ಯಾರು ಯಾವ ಮನೆಯವರು ಅನ್ನುವಷ್ಟರಲ್ಲಿ ಓದುವವರು ಸುಸ್ತು.

ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಹೈಸ್ಕೂಲ್ ಮಾಸ್ತರರಿದ್ದಾರೆ. ಅವರು ಈ ಪುಸ್ತಕವನ್ನು ಯಾರಿಗಾದರೂ ಹೇಳುವಾಗ ಹೊಗಳುವುದೇ ಇಲ್ಲ. "ಶುರುವಿನಾಗ ತ್ರಾಸ ಆಗ್ತದ. ಒಂದು ಹಾಳ್ಯಾಗ ಮನಿ ಹೆಸರು ಬರ್ಕೊಂಡು, ಅದರ ಮುಂದ ಮಂದಿ ಹೆಸರು ಬರ್ಕೋತ ಹೋಗ್ರಿ. ಹೀರೋ ಯಾರು ಅಂತ ಹುಡುಕಬ್ಯಾಡ್ರಿ. ಸುಮ್ನ ಗುತ್ತಿ ಮತ್ತ ಅವನ ನಾಯಿ ಹಿಂದ ನಡೀರಿ, ಉಳದವ್ರು ತಾವ ಬರ್ತಾರ" ಅನ್ನುತ್ತಾರೆ. ಅಷ್ಟೇ. ಅವರ ಮಾತು ಕೇಳಿ ಒಯ್ದವರಲ್ಲಿ ಕೆಲವರು ಆ ಹೆಸರಿನ ಹಾಳೆಯನ್ನು ಪುಸ್ತಕದೊಳಗೇ ಬಿಟ್ಟು ವಾಪಸ್ ಕೊಡುತ್ತಾರೆ. ನಿಯಮದ ಪ್ರಕಾರ ನಾನು ಅದನ್ನು ತೆಗೆದುಹಾಕಬೇಕು. ತೆಗೆಯುವುದಿಲ್ಲ. ಮುಂದಿನವರಿಗೆ ಅದೇ ದಾರಿ ತೋರಿಸುತ್ತದೆ.

ನನ್ನ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇದು: ಗೆಳೆಯರಿಗೆ ಪುಸ್ತಕ ಹೇಳುವಾಗ ಅದು ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಅದು ಎಲ್ಲಿ ಕಾಡಿಸುತ್ತದೆ ಅನ್ನುವುದನ್ನು ಹೇಳಬೇಕು. ಬರೀ ಹೊಗಳಿಕೆ ಕೇಳಿ ಒಯ್ದವರು ಕಷ್ಟದ ಜಾಗಕ್ಕೆ ಬಂದಾಗ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ‘ಎಲ್ಲರಿಗೂ ತಿಳಿದದ್ದು ನನಗೆ ತಿಳಿಯುತ್ತಿಲ್ಲ’ ಅಂತ ನಾಚಿಕೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಚಲೋ ಇತ್ರಿ" ಅಂತ ಪುಸ್ತಕ ಕೌಂಟರಿನ ಮೇಲಿಟ್ಟು ಹೋಗುತ್ತಾರೆ, ಆ ಗೆಳೆಯ ಹೇಳಿದ ಮುಂದಿನ ಪುಸ್ತಕ ಮುಟ್ಟುವುದಿಲ್ಲ. ಮೊದಲೇ ಎಚ್ಚರಿಸಿ ಕೊಟ್ಟರೆ ಅದೇ ಜಾಗದಲ್ಲಿ, ‘ಓ, ಅವರು ಹೇಳಿದ್ದು ಇದೇ ಅಲ್ವಾ’ ಅಂತ ದಾಟಿಬಿಡುತ್ತಾರೆ.

ಭೈರಪ್ಪನವರ ‘ಪರ್ವ’ಕ್ಕೂ ಹಾಗೆಯೇ. 1979ರ ಕಾದಂಬರಿ. ಮಹಾಭಾರತದ ಕತೆ ಅಂತ ಕೇಳಿ ಹಿರಿಯರು ಆಸೆಯಿಂದ ಒಯ್ಯುತ್ತಾರೆ. ಶುರುವಿನಲ್ಲೇ ಕೃಷ್ಣ ಬರುವುದಿಲ್ಲ, ಪಾಂಡವರೂ ಬರುವುದಿಲ್ಲ. ಮದ್ರದೇಶದ ಮುದುಕ ಶಲ್ಯ, ಅವನ ಮನೆಯಲ್ಲಿ ಮೊಮ್ಮಗಳ ಮದುವೆಯ ಚಿಂತೆ. ಮುಂದೆ ಹೋದರೆ ವರ, ಶಾಪ, ಪವಾಡ ಯಾವುದೂ ಇಲ್ಲ, ದೇವರುಗಳೆಲ್ಲ ಮನುಷ್ಯರು. ಪುರಾಣ ಕೇಳುವ ಮನಸ್ಸಿನಿಂದ ಕೂತವರಿಗೆ ಸಿಟ್ಟು ಬರುತ್ತದೆ. ಹಾಗಾಗಿ ಅದನ್ನು ಕೊಡುವಾಗ, "ಇದು ಪಾರಾಯಣದ ಪುಸ್ತಕ ಅಲ್ಲ" ಅಂತ ಒಂದು ಮಾತು ಸೇರಿಸುತ್ತೇನೆ. ಕೆಲವರು ಅಲ್ಲೇ ಇಟ್ಟುಬಿಡುತ್ತಾರೆ. ಇಡಲಿ. ಒಯ್ದವರು ಮಾತ್ರ ಮುಗಿಸಿಯೇ ತರುತ್ತಾರೆ.

ಗುಂಪಿನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ ಇದ್ದಾರೆ. ಅವರು ಪುಸ್ತಕ ಅಳೆಯುವ ರೀತಿ ನನಗೆ ಬಹಳ ಇಷ್ಟ. "ನಡುವ ಗಿರಾಕಿ ಬಂದು ಎದ್ದು ಹೋದ್ರೂ ಎಳಿ ತಪ್ಪಬಾರ್ದು." ತ್ರಿವೇಣಿಯವರ ಕಾದಂಬರಿಗಳಲ್ಲಿ ಎಳೆ ತಪ್ಪುವುದಿಲ್ಲ ಅನ್ನುವುದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ. ನಾನು ಹೆಚ್ಚು ಸಲ ಬೆನ್ನು ಅಂಟಿಸಿರುವ ಪುಸ್ತಕಗಳಲ್ಲಿ ಅವೂ ಸೇರಿವೆ. ಆದರೆ ‘ಶರಪಂಜರ’ವನ್ನು ಬೇರೆಯವರಿಗೆ ಕೊಡುವಾಗ ಅಕ್ಕ ಮೊದಲು ಮನೆಯ ಪರಿಸ್ಥಿತಿ ವಿಚಾರಿಸುತ್ತಾರೆ. ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇದ್ದರೆ, ಗುಣವಾಗಿ ಬಂದ ಹೆಣ್ಣುಮಗಳನ್ನು ಊರು ಮತ್ತೆ ಹುಚ್ಚಿ ಅಂತಲೇ ನೋಡುವ ಆ ಕತೆ ಎದೆಗೆ ಚುಚ್ಚುತ್ತದೆ. ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿದವರಿಗೂ ಇದೇ ಎಚ್ಚರಿಕೆ.

ಇನ್ನೊಬ್ಬರು ಬಸ್ ಕಂಡಕ್ಟರ್. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತಾಗ ಮಾತ್ರ ಓದು. ಅವರಿಗೆ ದಪ್ಪ ಪುಸ್ತಕ ಚೀಲದಲ್ಲಿ ಹಿಡಿಸುವುದಿಲ್ಲ. ತೇಜಸ್ವಿಯವರ ‘ಕರ್ವಾಲೋ’ ಓದಿದ ಮೇಲೆ ಅದನ್ನು ಡಿಪೋದ ಅರ್ಧ ಮಂದಿಗೆ ಓದಿಸಿದ್ದಾರೆ. ಚಿಕ್ಕ ಪುಸ್ತಕ, ನಗು ಇದೆ, ಹಾರುವ ಓತಿಯ ಹುಡುಕಾಟ ಇದೆ. ಅದನ್ನು ಕೊಡುವಾಗ ಯಾವ ಎಚ್ಚರಿಕೆಯೂ ಬೇಡ. ಕೊನೆಯಲ್ಲಿ ಓತಿ ಏನಾಗುತ್ತದೆ ಅಂತ ಬಾಯಿಬಿಡದಿದ್ದರೆ ಸಾಕು. ಇವರನ್ನು ನೋಡಿದ ಮೇಲೆ ನಾನು ಹೊಸಬರಿಗೆ ‘ನಿಮಗೆ ಯಾವ ಲೇಖಕರು ಇಷ್ಟ’ ಅಂತ ಕೇಳುವುದನ್ನು ಬಿಟ್ಟೆ. ‘ಯಾವಾಗ ಓದ್ತೀರಿ, ಎಲ್ಲಿ ಕೂತು ಓದ್ತೀರಿ’ ಅಂತ ಕೇಳುತ್ತೇನೆ.

ಈ ಗುಂಪಿನಲ್ಲಿ ಅತಿ ದೊಡ್ಡ ಜಗಳ ಆದದ್ದು ‘ಗ್ರಾಮಾಯಣ’ದ ಬಗ್ಗೆ. ಅದನ್ನು ಬರೆದ ರಾವಬಹಾದ್ದೂರರು ಹಳೆಯ ಬಿಜಾಪುರ ಜಿಲ್ಲೆಯವರು, ಅಂದರೆ ನಮ್ಮವರೇ. 1957ರಲ್ಲಿ ಬಂದ ಕಾದಂಬರಿ. ಒಬ್ಬ ನಾಯಕ ಅಂತ ಇಲ್ಲ. ಪಾದಳ್ಳಿ ಅನ್ನುವ ಊರೇ ನಾಯಕ. ಮಾತೆಲ್ಲ ನಮ್ಮ ಕಡೆಯದ್ದು. ಬೆಂಗಳೂರಿನಿಂದ ರಜೆಗೆ ಬಂದವರಿಗೆ ಕೊಟ್ಟರೆ ಭಾಷೆ ತೊಡಕು ಅನ್ನುತ್ತಾರೆ. ನಮ್ಮವರಿಗೆ ಭಾಷೆಯ ತೊಡಕಿಲ್ಲ. ಬೇರೆ ಒಂದು ತೊಡಕಿದೆ. ಅದು ಊರೊಂದು ಹಾಳಾಗುವ ಕತೆ, ಮತ್ತು ನಮ್ಮಲ್ಲಿ ಬಹಳ ಜನ ಮುಳುಗಡೆಯವರು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಸುತ್ತಲಿನ ಹಳ್ಳಿಗಳೂ ಹೋದವು. ಅದಕ್ಕೇ ನವನಗರ ಕಟ್ಟಿದ್ದು. ಈಗ ವಿಳಾಸ ಅಂದರೆ ಸೆಕ್ಟರ್ ನಂಬರ್.

ಮುಳುಗಿದ ಹಳ್ಳಿಯವರೊಬ್ಬರಿಗೆ ಕಂಡಕ್ಟರ್ ಈ ಪುಸ್ತಕ ಹೇಳಿದರು. ಕೊಡುವ ಮೊದಲೇ, "ಊರು ಹಾಳಾಗೂ ಕತಿ ಐತಿ. ನಿಮ್ಮ ಊರು ನೆನಪಾಗ್ತದ. ಬ್ಯಾಡಂದ್ರ ಈಗ ಹೇಳ್ರಿ" ಅಂದರು. ಅವರು ಒಯ್ದರು. ಹದಿನೈದು ದಿನ ಮುಗಿದ ಮೇಲೆ ಮತ್ತೆ ಬರೆಸಿಕೊಂಡರು. ಕೊನೆಗೊಂದು ಸಂಜೆ ಬೆಂಚಿಗೆ ಬಂದು ಜಗಳಕ್ಕೇ ನಿಂತರು. "ಆ ಊರು ಮಂದಿ ಜಗಳದಿಂದ ಹಾಳಾತು. ನಮ್ಮೂರು ನೀರಿನಿಂದ ಹಾಳಾತು. ಎರಡೂ ಒಂದ ಅಂತೀರೇನು?" ಮಾಸ್ತರರು ಬಿಡಲಿಲ್ಲ. "ಪರಿಹಾರದ ರೊಕ್ಕ ಬಂದಾಗ ಅಣ್ಣ-ತಮ್ಮಂದಿರು ಕೋರ್ಟಿಗೆ ಹೋಗಲಿಲ್ಲೇನು?" ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಆ ವಾದ ಎಷ್ಟೋ ಸಂಜೆ ನಡೆಯಿತು, ಪುಸ್ತಕ ಕೈಯಿಂದ ಕೈಗೆ ಹೋಯಿತು. ಈಗ ಅದರ ಅಂಚು ಪೂರ್ತಿ ಕಂದು.

ಇದಾದ ಮೇಲೆ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಕಾದಂಬರಿಯ ಹೆಸರು, ಮುಂದೆ ಎರಡೇ ಕಾಲಂ: ‘ಎಲ್ಲಿ ತ್ರಾಸ’ ಮತ್ತು ‘ಯಾರಿಗೆ ಬೇಡ’. ಚುಕ್ಕೆ, ಅಂಕ ಕೊಡುವ ಕಾಲಂ ಬೇಕು ಅಂತ ಒಬ್ಬ ಕಾಲೇಜು ಹುಡುಗ ಹೇಳಿದ. ಬೇಡ ಅಂದೆ. ಅಂಕ ನೋಡಿ ಎಲ್ಲರೂ ಒಂದೇ ಪುಸ್ತಕದ ಹಿಂದೆ ಬೀಳುತ್ತಾರೆ, ಇಲ್ಲಿ ಇರುವುದೇ ಒಂದೊಂದು ಪ್ರತಿ. ಭೈರಪ್ಪನವರ ‘ಗೃಹಭಂಗ’ದ ಮುಂದೆ ಹೊಲಿಗೆ ಅಕ್ಕ ಬರೆದದ್ದು ಹೀಗಿದೆ: "ಗಂಗಮ್ಮನ ಬೈಗುಳಕ್ಕೆ ಹೆದರಬೇಡಿ. ಪ್ಲೇಗಿನ ಪುಟಗಳು ಬಂದಾಗ ಒಬ್ಬರೇ ಇರಬೇಡಿ. ಹೊಸ ಮದುವಣಗಿತ್ತಿಗೆ ಬೇಡ." ಯಾವ ಮುನ್ನುಡಿಯೂ ಇಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ.

ಪುಸ್ತಕವನ್ನು ಓದುಗರ ಹತ್ತಿರ ಮುಟ್ಟಿಸುವುದು ನಮ್ಮ ಕಡೆ ಹೊಸದೇನಲ್ಲ ಬಿಡಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ನಾವು ಫ್ಯಾನಿನ ಕೆಳಗೆ ಕೂತು ಒಂದು ನೋಟ್‌ಬುಕ್ ತುಂಬಿಸುವುದಕ್ಕೆ ಹೆಮ್ಮೆ ಪಡಬೇಕಿಲ್ಲ.

ಹೊಗಳಿಕೆ ಪೂರ್ತಿ ಬೇಡ ಅಂತಲೂ ಅಲ್ಲ. ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರ ಪುಸ್ತಕಗಳನ್ನು ಈಗಿನವರು ಕೇಳುವುದೇ ಇಲ್ಲ. ಅವುಗಳಿಗೆ ಸ್ವಲ್ಪ ಡಂಗುರ ಬೇಕು. ರಾಜ್‌ಕುಮಾರ್ ಅವರ ‘ಸನಾದಿ ಅಪ್ಪಣ್ಣ’ ಸಿನಿಮಾದ ಕತೆ ಇವರದ್ದು ಅಂದರೆ ಕಿವಿ ನಿಮಿರುತ್ತದೆ. ನಾಲ್ಕು ಪುಟ ಓದಿಸಲು ಅಷ್ಟು ಸಾಕು.

ಈಗ ಗುಂಪಿನಲ್ಲಿ ನಡೆಯುತ್ತಿರುವ ತಕರಾರು ಬೇರೆ. ಇಷ್ಟು ಪುಟ ಬಿಟ್ಟು ಓದಿ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬಹುದೇ? ಕಂಡಕ್ಟರ್ ಒಂದು ದಪ್ಪ ಕಾದಂಬರಿಯ ಮುಂದೆ ಹಾಗೆ ಬರೆದಿದ್ದರು. ಮಾಸ್ತರರು ಅದರ ಮೇಲೆ ಕೆಂಪು ಗೆರೆ ಎಳೆದರು. ಕಾದಂಬರಿ ಬರೆದವರಿಗೆ ಅವಮಾನ ಅನ್ನುವುದು ಅವರ ವಾದ. ಬಸ್ಸು ಬಿಡುವುದರೊಳಗೆ ಓದಬೇಕಾದವನ ಕಷ್ಟ ನಿಮಗೇನು ಗೊತ್ತು ಅನ್ನುವುದು ಇವರದ್ದು. ನಾನು ಕಂಡಕ್ಟರ್ ಕಡೆ. ಬಿಟ್ಟು ಓದಿದವರು ಕೊನೆ ಮುಟ್ಟಿದ ಮೇಲೆ ಬಿಟ್ಟ ಪುಟಗಳಿಗೆ ತಿರುಗಿ ಬರುವುದನ್ನು ನೋಡಿದ್ದೇನೆ. ಅಲ್ಲೇ ನಿಲ್ಲಿಸಿದವರು ವಾಪಸ್ ಬಂದದ್ದು ಅಪರೂಪ. ಮಾಸ್ತರರು ಒಪ್ಪಿಲ್ಲ. ಕೆಂಪು ಪೆನ್ನು ಇನ್ನೂ ಅವರ ಜೇಬಿನಲ್ಲೇ ಇದೆ.